ಹನ್ನೆರಡು ವರ್ಷದೊಳಗಿನವರಿಗೆ ಮಾತ್ರ

ಮನೆಯಿಂದ
ಫೆಬ್ರವರಿ 11

ಅಪ್ಪಾ,

ನಿನ್ನೆ ಜೈಲಿನಲ್ಲಿ ನಿನ್ನನ್ನು ನೋಡಿಕೊಂಡು ಬಂದಾಗಿನಿಂದ ನನಗೆ ನಿನ್ನ ಮೇಲೆ ಸಿಟ್ಟು. ಅಮ್ಮನ ಮೊಣಕಾಲು ನೋವಿನ ವಿಷಯ ಹೇಳಿದರೆ ನೀನು ತಲೆಯಾಡಿಸಿದೆ. ಕಾರ್ಖಾನೆಯಲ್ಲಿ ನನಗೆ ಬಡ್ತಿ ಸಿಕ್ಕಿದ್ದನ್ನು ಹೇಳಿದರೂ ತಲೆಯಾಡಿಸಿದೆ. ನನಗೆ ಅನುಮಾನ ಬಂತು. ನಮ್ಮ ಅಡುಗೆಮನೆಗೆ ಆನೆಯೊಂದು ಬಂದು ಕೂತಿದೆ, ಪಾತ್ರೆ ತೊಳೆಯಲು ಜಾಗವಿಲ್ಲ ಎಂದು ಕೂಗಿ ಹೇಳಿದೆ. ನೀನು ಅದಕ್ಕೂ ತಲೆಯಾಡಿಸಿ, "ಒಳ್ಳೇದಾಯ್ತು ಬಿಡು" ಅಂದುಬಿಟ್ಟೆ.

ಎಷ್ಟು ಕಾಲದಿಂದ ನಿನಗೆ ಕಿವಿ ಕೇಳಿಸುತ್ತಿಲ್ಲ? ನನ್ನಿಂದ ಯಾಕೆ ಮುಚ್ಚಿಟ್ಟೆ? ಇಷ್ಟು ದಿನ ನಾನು ಯಾರ ಹತ್ತಿರ ಮಾತಾಡಿ ಬರುತ್ತಿದ್ದೆ?

ಆ ಭೇಟಿಯ ಜಾಗದಲ್ಲಿ ಕಿವಿ ಚೆನ್ನಾಗಿದ್ದವರಿಗೂ ಏನು ಕೇಳಿಸೀತು, ಅದನ್ನು ಒಪ್ಪುತ್ತೇನೆ. ಎರಡು ಕಬ್ಬಿಣದ ಜಾಲರಿ, ನಡುವೆ ಕಾವಲಿನವರು ಓಡಾಡುವಷ್ಟು ಅಂತರ. ಇತ್ತ ನಾವು ಬಂದವರು, ಅತ್ತ ನೀವು ಒಳಗಿನವರು, ಎಲ್ಲರೂ ಒಟ್ಟಿಗೇ ಗಂಟಲು ಹರಿದುಕೊಳ್ಳಬೇಕು. ನಾಲ್ಕು ವರ್ಷದವಳಿದ್ದಾಗಿನಿಂದ ನಾನು ಅಲ್ಲಿ ಕಿರುಚಿಕೊಂಡೇ ಬೆಳೆದವಳು. ಶಾಲೆಯಲ್ಲಿ ನನ್ನನ್ನು ತಮಟೆ ಅನ್ನುತ್ತಿದ್ದರು. ಈಗಲೂ ಕಾರ್ಖಾನೆಯಲ್ಲಿ ನಾನು ಫೋನ್ ಎತ್ತಿದರೆ ಪಕ್ಕದವರು ಎದ್ದು ಹೋಗುತ್ತಾರೆ.

ಇದನ್ನೆಲ್ಲ ಬರೆಯಲು ಒಂದು ಕಾರಣವಿದೆ. ಹೋದ ವಾರ ನಮ್ಮ ಕಾರ್ಖಾನೆ ಮಾಡುವ ಹೊಸ ಕುರ್ಚಿಗಳಿಗೆ ಅಳತೆ ತೆಗೆದುಕೊಳ್ಳಲು ಒಂದು ಶಿಶುವಿಹಾರಕ್ಕೆ ಹೋಗಿದ್ದೆ. ಒಂದು ಪುಟ್ಟ ಹುಡುಗಿ ನನ್ನ ಮಡಿಲಿಗೇ ಬಂದು, ನನ್ನ ಕಿವಿಯ ಹತ್ತಿರ ಬಾಯಿಟ್ಟು, ಆಚೆ ಬೀದಿಯವರಿಗೆ ಹೇಳುವ ಹಾಗೆ ಕಿರುಚಿ ತನ್ನ ಹೆಸರು ಹೇಳಿತು. ಶಿಕ್ಷಕಿ ಬೇಜಾರು ಮಾಡಿಕೊಂಡು, ಈ ಮಗುವಿಗೆ ಎಷ್ಟು ಹೇಳಿದರೂ ಮೆಲ್ಲಗೆ ಮಾತಾಡಲು ಬರುವುದಿಲ್ಲ ಎಂದರು. ಕೇಳುವ ಮೊದಲೇ ನನಗೆ ಗೊತ್ತಾಗಿತ್ತು. ಅದರ ಅಪ್ಪನೂ ಒಳಗಿದ್ದಾನೆ, ನಿಮ್ಮಲ್ಲೇ, ಬಟ್ಟೆ ಹೊಲಿಯುವ ವಿಭಾಗದಲ್ಲಿ.

ಅಲ್ಲಿಂದ ನನಗೊಂದು ಹುಚ್ಚು ಹಿಡಿದಿದೆ. ಜಾಲರಿ ಇಲ್ಲದ ಒಂದು ಕೋಣೆ, ನಾಲ್ಕು ಕುರ್ಚಿ, ಒಂದು ಮೇಜು. ಮಕ್ಕಳು ಅಪ್ಪನ ಹತ್ತಿರ ಕೂತು ಮಾಮೂಲಿ ದನಿಯಲ್ಲಿ ಮಾತಾಡಬೇಕು. ನಿಮ್ಮ ಹೊಸ ಸೂಪರಿಂಟೆಂಡೆಂಟ್ ಮೇಡಂ ಅವರನ್ನು ಹೋಗಿ ಕೇಳುತ್ತೇನೆ.

ಇನ್ನೂ ಸಿಟ್ಟಿನಲ್ಲಿರುವ,
ಗಡಿಬಿಡಿ

ಒಳಗಿನಿಂದ
ಫೆಬ್ರವರಿ 27

ಗಡಿಬಿಡಿ,

ಆನೆಯ ವಿಷಯ ತಿಳಿದು ಬೇಸರವಾಯಿತು. ಪಾಪ, ಅದಕ್ಕೆ ನಮ್ಮ ಅಡುಗೆಮನೆ ಎಲ್ಲಿ ಸಾಕಾಗುತ್ತದೆ.

ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿ ಮನಸ್ಸು ಬಂದಾಗ ಕೆಲಸ ಮಾಡುತ್ತದೆ. ಇಲ್ಲಿನ ಮರಗೆಲಸದ ಶೆಡ್ಡಿನಲ್ಲಿ ಗರಗಸದ ಯಂತ್ರದ ಪಕ್ಕ ಇಷ್ಟು ವರ್ಷ ನಿಂತಿದ್ದಕ್ಕೆ ಅದು ಕೊಟ್ಟ ಬಹುಮಾನ. ಡಾಕ್ಟರು ನೋಡಿದರು. ಕಿವಿಗೆ ಹಾಕಿಕೊಳ್ಳುವ ಯಂತ್ರವಿದೆಯಂತೆ, ಆದರೆ ಅದಕ್ಕೆ ಬ್ಯಾಟರಿ ಬೇಕು, ಬ್ಯಾಟರಿ ಇರುವ ವಸ್ತು ಒಳಗೆ ಬಿಡುವುದಿಲ್ಲ. ಎರಡು ಸಲ ಅರ್ಜಿ ಹಾಕಿದೆ. ನಮ್ಮ ಪತ್ರಗಳನ್ನು ಓದಿ ಮುದ್ರೆ ಒತ್ತುವ ಸಾಹೇಬರು ಬೇಕಿದ್ದರೆ ಇದಕ್ಕೆ ಸಾಕ್ಷಿ ಹೇಳುತ್ತಾರೆ.

ನಿನಗೆ ಹೇಳಲಿಲ್ಲ, ಯಾಕೆಂದರೆ ಹೇಳಿದರೆ ನೀನು ಬರುವುದನ್ನು ನಿಲ್ಲಿಸಿಬಿಡುತ್ತೀಯೇನೋ ಎಂಬ ಭಯ. ನೀನು ಬಂದು ಬಾಯಿ ಆಡಿಸುತ್ತಾ ನಿಂತರೆ ಸಾಕಿತ್ತು ನನಗೆ. ತುಟಿ ನೋಡಿ ತಿಳಿದುಕೊಳ್ಳೋಣ ಎಂದರೆ ಎರಡು ಜಾಲರಿಯ ಆಚೆ ನಿನ್ನ ಮುಖ ಚೂರು ಚೂರಾಗಿ ಕಾಣುತ್ತದೆ. ಹಾಗಾಗಿ ತಲೆಯಾಡಿಸುವುದನ್ನು ಕಲಿತೆ. ಅಮ್ಮನಿಗೆ ಹೇಳಬೇಡ.

ಆ ಮಗುವಿನ ಅಪ್ಪನನ್ನು ನಾನು ಬಲ್ಲೆ. ಎಲ್ಲರೂ ಅವನನ್ನು ಟೈಲರ್ ಅನ್ನುತ್ತಾರೆ. ಮಾತು ಕಡಿಮೆ, ಹೊಲಿಗೆ ಚೊಕ್ಕಟ. ನೀನು ಬರೆದದ್ದನ್ನು ಅವನಿಗೆ ಹೇಳಲಿಲ್ಲ. ಮಗಳು ಶಾಲೆಯಲ್ಲೂ ಕಿರುಚುತ್ತಾಳೆ ಎಂದು ಕೇಳಿ ಅವನು ಮಾಡುವುದಾದರೂ ಏನು?

ನೀನು ಮೊದಲಿನಿಂದ ಹೀಗೆ ಕಿರುಚುವವಳಾಗಿರಲಿಲ್ಲ. ನಾನು ಹೊರಗಿದ್ದಾಗ ನೀನು ದಿನವೆಲ್ಲ ನನ್ನ ಕೆಲಸದ ಮೇಜಿನ ಕೆಳಗೇ ಇರುತ್ತಿದ್ದೆ. ಮೇಲಿನಿಂದ ಮರ ಕೀಸಿದ ಸುರುಳಿಗಳು ಬೀಳುತ್ತಿದ್ದವು, ನೀನು ಅವನ್ನು ಕಿವಿಗೆ ಸಿಕ್ಕಿಸಿಕೊಂಡು ಅಲ್ಲೇ ನಿದ್ದೆ ಹೋಗುತ್ತಿದ್ದೆ. ನಿನಗೆ ನೆನಪಿರಲಿಕ್ಕಿಲ್ಲ. ನಿನ್ನ ಕಾಲು ನನ್ನ ಕಾಲಿಗೆ ತಗುಲುತ್ತಿದ್ದರೆ ನೀನು ಅಲ್ಲೇ ಇದ್ದೀ ಎಂದು ನಾನು ನೆಮ್ಮದಿಯಾಗಿ ಕೀಸುತ್ತಿದ್ದೆ.

ಮೇಡಂ ಹತ್ತಿರ ಹೋಗುವುದು ಬೇಡ. ಇಲ್ಲಿಗೆ ವರ್ಷಕ್ಕೊಬ್ಬರು ಒಳ್ಳೆಯ ಯೋಚನೆ ಹೊತ್ತುಕೊಂಡು ಬರುತ್ತಾರೆ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ನೀನು ಸುಮ್ಮನೆ ಬೇಜಾರು ಪಟ್ಟುಕೊಳ್ಳುತ್ತೀ.

ಅಪ್ಪ

ಮನೆಯಿಂದ
ಏಪ್ರಿಲ್ 3

ಅಪ್ಪಾ,

ನೀನು ಬೇಡ ಎಂದದ್ದಕ್ಕೇ ಹೋದೆ. ಒಂದು ಸಲವಲ್ಲ, ಐದು ಸಲ. ಮೊದಲ ದಿನ ನನ್ನ ದನಿ ಕೇಳಿ ಜಗಳವೇನೋ ಎಂದು ಹೊರಗಿನಿಂದ ಜವಾನರು ಓಡಿ ಬಂದರು. ಮೇಡಂ ಕೈಸನ್ನೆ ಮಾಡಿ ಅವರನ್ನು ಕಳಿಸಿ, ನಿಮ್ಮ ತಂದೆ ಏನು ಮಾಡಿ ಒಳಗೆ ಬಂದರು ಎಂದು ಕೇಳಿದರು. ಕುಡಿದ ಜಗಳ, ಒಂದೇ ಏಟು, ಎದುರಿನವರ ಜೀವ ಹೋಯಿತು, ಜೀವಾವಧಿ ಶಿಕ್ಷೆ ಎಂದೆ. ಅದನ್ನೂ ಜೋರಾಗಿಯೇ ಹೇಳಿರಬೇಕು. ಅವರು, ತಂದಿರುವ ನಕ್ಷೆ ತೋರಿಸಿ ಎಂದರು.

ಆ ನಕ್ಷೆ ಎಲ್ಲಿಂದ ಬಂತು ಗೊತ್ತಾ? ನಿನ್ನ ಪತ್ರದಿಂದ. ಮೇಜಿನ ಕೆಳಗಿನ ಆ ಹುಡುಗಿ ನನಗೆ ಒಂದಿಷ್ಟೂ ನೆನಪಿಲ್ಲ. ನನ್ನ ನೆನಪು ಶುರುವಾಗುವುದೇ ಜಾಲರಿಯಿಂದ. ಆದರೆ ನಿನ್ನ ಪತ್ರ ಓದಿದ ಮೇಲೆ ನನ್ನ ಕೈ ತಾನಾಗಿಯೇ ಆ ಮೇಜನ್ನು ಬರೆಯಿತು. ನಾಲ್ಕು ಕಡೆಯೂ ತೆರೆದದ್ದು, ಮಗು ಕೆಳಗೆ ನುಸುಳಿ ಆಡಿಕೊಳ್ಳುವಷ್ಟು ಎತ್ತರ, ಅಪ್ಪ ಪಕ್ಕದಲ್ಲಿ ಕೂತರೆ ಕಾಲಿಗೆ ಕಾಲು ತಗುಲಬೇಕು. ಕಾರ್ಖಾನೆಯಲ್ಲಿ ನೂರಾರು ಮೇಜು ಬರೆದಿದ್ದೇನೆ, ಒಂದಕ್ಕೂ ಹೀಗೆ ಮೈ ಜುಮ್ಮೆಂದಿರಲಿಲ್ಲ.

ಮೇಡಂಗೆ ಇದ್ದ ಭಯವೆಲ್ಲ ದೊಡ್ಡವರದ್ದು. ಏನಾದರೂ ಕೈ ಬದಲಾಯಿಸಿದರೆ, ಯಾರಾದರೂ ಜಗಳ ತೆಗೆದರೆ ತಮ್ಮ ತಲೆಗೆ ಬರುತ್ತದೆ ಎಂದರು. ನಾನು ಬಿಡಲಿಲ್ಲ. ದೊಡ್ಡವರು ಬೇಡವೇ ಬೇಡ, ಬರೀ ಚಿಕ್ಕ ಮಕ್ಕಳು, ಹನ್ನೆರಡು ವರ್ಷದೊಳಗಿನವರು ಎಂದೆ. ಕರೆತಂದವರನ್ನು ಬಾಗಿಲ ಬಳಿ ಬೆಂಚಿನ ಮೇಲೆ ಕೂರಿಸಿ, ಯಾವ ಕೈದಿಯ ಜೊತೆಗೂ ಮಾತಾಡಕೂಡದು ಎಂದರಾಯಿತು ಎಂದೆ. ಅವರಿಗೆ ಅದು ಹಿಡಿಸಿತು. ಹಾಗಿದ್ದರೆ ನಿಯಮಗಳನ್ನು ನೀವೇ ಬರೆದು ಕೊಡಿ, ಮೇಲಿನವರಿಗೆ ಕಳಿಸುತ್ತೇನೆ ಎಂದರು. ಅಲ್ಲೇ ಕೂತು ಬರೆದುಕೊಟ್ಟೆ.

ಅಪ್ಪಾ, ಮಂಜೂರಾಗಿದೆ. ಹಳೆಯ ಸಾಮಾನು ಕೋಣೆಗೆ ಸುಣ್ಣ ಹೊಡೆಸುತ್ತಾರೆ. ಮೇಜು, ಕುರ್ಚಿ ಎಲ್ಲ ನಿಮ್ಮ ಶೆಡ್ಡಿನಲ್ಲೇ ಆಗಬೇಕಂತೆ. ನನ್ನ ನಕ್ಷೆ ನಿನ್ನ ಕೈಗೆ ಬರುತ್ತದೆ. ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ ನನಗೆ.

ಗಡಿಬಿಡಿ

ಒಳಗಿನಿಂದ
ಏಪ್ರಿಲ್ 29

ಗಡಿಬಿಡಿ,

ನಕ್ಷೆ ಬಂತು. ಗೆರೆಗಳು ಚೆನ್ನಾಗಿವೆ. ಹಾಳೆಯ ಮೂಲೆಯಲ್ಲಿ ನಿನ್ನ ಹೆಸರಿತ್ತು, ಶೆಡ್ಡಿನಲ್ಲಿ ಎಲ್ಲರಿಗೂ ತೋರಿಸಿದೆ. ಎರಡೆರಡು ಸಲ ತೋರಿಸಿದ್ದಕ್ಕೆ ಒಬ್ಬ, ಇನ್ನು ಸಾಕು ಮಾರಾಯ, ಮದುವೆ ಮಾತುಕತೆಗೆ ಬಂದಿಲ್ಲ ನಾವು ಎಂದ.

ಕುರ್ಚಿಯ ಹಿಂದಿನ ಕಾಲುಗಳನ್ನು ಸ್ವಲ್ಪ ಆಚೆಗೆ ಚಾಚಿದ್ದೇನೆ. ಮಕ್ಕಳು ನೆಟ್ಟಗೆ ಕೂರುವ ಪೈಕಿ ಅಲ್ಲ, ಹಿಂದಕ್ಕೆ ವಾಲಿಕೊಂಡೇ ಕೂರುತ್ತವೆ. ಮೇಜಿನ ಅಂಚುಗಳನ್ನು ಕೈಯಲ್ಲೇ ಉಜ್ಜಿ ಗುಂಡಗೆ ಮಾಡಿದೆ. ಅಡಿಭಾಗವನ್ನೂ ಮೇಲ್ಭಾಗದಷ್ಟೇ ನುಣುಪು ಮಾಡಿದ್ದೇನೆ, ಯಾಕೆಂದರೆ ಅದನ್ನು ನೋಡುವವರು ಕೆಳಗಿರುತ್ತಾರೆ. ಟೈಲರ್ ಮೆತ್ತೆಗಳನ್ನು ಹೊಲಿಯುತ್ತಿದ್ದಾನೆ. ದಿನಕ್ಕೆ ಹತ್ತು ಸಲ ಬಂದು, ಕೋಣೆ ಯಾವಾಗ ಶುರು ಎಂದು ನನ್ನ ತಲೆ ತಿನ್ನುತ್ತಾನೆ. ಅವನ ಬಾಯಿಂದ ಇಷ್ಟು ಮಾತು ನಾನು ಕೇಳಿದ್ದು ಇದೇ ಮೊದಲು, ಅದೂ ಅರ್ಧ ಕೇಳಿಸಿಕೊಂಡದ್ದು.

ಕೋಣೆಯ ಗೋಡೆಗೆ ನಿಯಮಗಳನ್ನು ಅಂಟಿಸಿದ್ದಾರೆ. ನಿನ್ನ ಕೈಬರಹವನ್ನೇ ದೊಡ್ಡದು ಮಾಡಿಸಿದ್ದಾರೆ, ನೋಡಿದ ಕೂಡಲೇ ಗುರುತು ಸಿಕ್ಕಿತು. ಎಲ್ಲ ಓದಿದೆ. ಮೂರನೆಯದನ್ನೂ ಓದಿದೆ. ಅಚ್ಚುಕಟ್ಟಾಗಿ ಬರೆದಿದ್ದೀ.

ಬಿಸಿಲು ಜಾಸ್ತಿ ಇದೆ. ಮಧ್ಯಾಹ್ನ ಹೊರಗೆ ಓಡಾಡಬೇಡ.

ಅಪ್ಪ

ಮನೆಯಿಂದ
ಮೇ 24

ಅಪ್ಪಾ,

ನಿನಗೆ ಆಗಲೇ ಗೊತ್ತಾಗಿತ್ತು. ಮೂರನೆಯದನ್ನೂ ಓದಿದೆ ಎಂದು ಬರೆದು ಬಿಸಿಲಿನ ಮಾತಿಗೆ ಹೋಗಿಬಿಟ್ಟೆ. ಒಂದು ಮಾತು ಬಿಡಿಸಿ ಹೇಳಬಾರದಿತ್ತಾ?

ಮೊನ್ನೆ ಬಂದಾಗ ಕಚೇರಿಯ ಕಿಟಕಿಯಲ್ಲಿ, ಹೊಸ ಕೋಣೆಯಲ್ಲಿ ಮೊದಲ ದಿನವೇ ನನಗೂ ಅಪ್ಪನಿಗೂ ಜಾಗ ಕೊಡಿ ಎಂದು ಕೇಳಿದೆ. ಗುಮಾಸ್ತರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮಗು ಎಲ್ಲಿ ಎಂದರು. ನಾನೇ ಎಂದೆ. ಅವರು ನಗಲಿಲ್ಲ. ಕಿಟಕಿಯ ಪಕ್ಕದ ಗೋಡೆಗೂ ಅಂಟಿಸಿದ್ದ ನನ್ನದೇ ಅಕ್ಷರದ ಮೂರನೆಯ ನಿಯಮದ ಕಡೆ ಬೆರಳು ತೋರಿಸಿದರು. ನನ್ನ ಹಿಂದೆ ನಿಂತಿದ್ದವರು ಬೇಗ ಬೇಗ ಎಂದು ತಳ್ಳಿದರು, ನಾನು ಪಕ್ಕಕ್ಕೆ ಸರಿದೆ.

ಯಾರಾದರೂ ಇಂಥ ತಪ್ಪು ಮಾಡುತ್ತಾರಾ ಅಪ್ಪಾ? ಎರಡು ತಿಂಗಳು ಆ ಕೋಣೆಯ ಬಗ್ಗೆಯೇ ಯೋಚಿಸಿದೆ. ಕಣ್ಣು ಮುಚ್ಚಿದರೆ ನಾನು ಅದರೊಳಗೆ ಇರುತ್ತಿದ್ದೆ, ನೀನು ಪಕ್ಕದಲ್ಲಿರುತ್ತಿದ್ದೆ. ಪ್ರತಿ ಸಲವೂ ನಾನು ಐದಾರು ವರ್ಷದವಳು. ನನ್ನ ಕಾಲು ನೆಲ ಮುಟ್ಟುತ್ತಿರಲಿಲ್ಲ. ಹನ್ನೆರಡು ವರ್ಷದೊಳಗಿನವರು ಎಂದು ಬರೆಯುವಾಗ ನನ್ನನ್ನು ಆಚೆಗೆ ಹಾಕಿದ್ದೇನೆ ಎಂದು ಹೊಳೆಯಲೇ ಇಲ್ಲ, ಯಾಕೆಂದರೆ ನಾನು ಒಳಗೇ ಇದ್ದೆ. ಇಪ್ಪತ್ತೆಂಟು ವರ್ಷದ ಹೆಂಗಸು ಹೋಗಿ ಸಹಿ ಮಾಡಿ ಬಂದಿದ್ದಾಳೆ, ಅವಳು ಯಾರೋ ಏನೋ.

ಆಮೇಲೆ ಜಾಲರಿಯ ಹತ್ತಿರ ಬಂದು ನಿಂತೆ. ನಾನು ಏನೂ ಮಾತಾಡಲಿಲ್ಲ, ಬಾಯಿ ತೆರೆಯಲೂ ಇಲ್ಲ. ಆದರೂ ನೀನು ತಲೆಯಾಡಿಸಿದೆ.

ನಿಯಮ ಬದಲಾಯಿಸಿ ಎಂದು ಮೇಡಂಗೆ ಅರ್ಜಿ ಬರೆಯುತ್ತೇನೆ. ಬರೆದವಳಿಗೆ ಅಳಿಸುವ ಹಕ್ಕಿಲ್ಲವಾ?

ಗಡಿಬಿಡಿ

ಒಳಗಿನಿಂದ
ಜೂನ್ 15

ಗಡಿಬಿಡಿ,

ಅರ್ಜಿ ಬೇಡ. ಈ ಸಲ ನನ್ನ ಮಾತು ಕೇಳು.

ಕೋಣೆ ಶುರುವಾಯಿತು. ನಾನು ಆಗ ಹೊರಗಿನ ಮೊಗಸಾಲೆಯಲ್ಲಿ ಕಿಟಕಿಯ ಚೌಕಟ್ಟು ಸರಿ ಮಾಡುತ್ತಿದ್ದೆ, ಹಾಗಾಗಿ ಕಂಡಿತು. ಟೈಲರ್‌ನ ಹುಡುಗಿಯನ್ನು ಅವಳಮ್ಮ ಕರೆದುಕೊಂಡು ಬಂದಿದ್ದಳು. ಅದು ಬಾಗಿಲಲ್ಲಿ ನಿಂತು, ಅಭ್ಯಾಸಬಲ, ಅಪ್ಪಾ ಎಂದು ಜೋರಾಗಿ ಕಿರುಚಿತು. ನನಗೂ ಕೇಳಿಸಿತು. ಟೈಲರ್ ಎರಡೂ ಕೈ ಚಾಚಿದ. ಮಗು ನೇರ ಅವನ ಹತ್ತಿರ ಹೋಗಲಿಲ್ಲ. ಮೇಜಿನ ಕೆಳಗೆ ನುಗ್ಗಿ ಕೂತುಬಿಟ್ಟಿತು. ಅವನು ಏನು ಮಾಡುವುದು ತಿಳಿಯದೆ ಕುರ್ಚಿಯಲ್ಲಿ ಕೂತ. ಬಹಳ ಹೊತ್ತಿನ ಮೇಲೆ ಒಂದು ಪುಟ್ಟ ಕೈ ಹೊರಗೆ ಬಂದು ಅವನ ಪಾದ ಹಿಡಿದುಕೊಂಡಿತು. ನಾನು ಚೌಕಟ್ಟಿನ ಕಡೆ ತಿರುಗಿಕೊಂಡೆ. ನೀನು ಇದನ್ನು ನೋಡಬೇಕಿತ್ತು. ಇದಾದದ್ದು ನಿನ್ನಿಂದ.

ಆದರೆ ಹೋದ ವಾರ ಯಾರೋ ಒಂದು ಮಗುವಿನ ಬೂಟಿನಲ್ಲಿ ತಂಬಾಕಿನ ಪೊಟ್ಟಣ ಇಟ್ಟು ಕಳಿಸಿದ್ದರು. ಸಿಕ್ಕಿಬಿತ್ತು. ಕೋಣೆಯನ್ನು ಮುಚ್ಚಬೇಕು ಎನ್ನುವವರು ಮೊದಲಿನಿಂದಲೂ ಇದ್ದರು, ಅವರಿಗೆ ಈಗ ಬಾಯಿ ಬಂದಿದೆ. ಮೇಡಂ ಒಬ್ಬರೇ ತಡೆದು ನಿಲ್ಲಿಸಿದ್ದಾರೆ. ಈಗ ನೀನು ದೊಡ್ಡವರನ್ನೂ ಬಿಡಿ ಎಂದು ಅರ್ಜಿ ಕೊಟ್ಟರೆ ಇಡೀ ವಿಷಯ ಮತ್ತೆ ಮೇಲಿನವರ ಮುಂದೆ ಹೋಗುತ್ತದೆ. ಹೋದರೆ ಮಕ್ಕಳಿಗೂ ಬಾಗಿಲು ಬಂದ್ ಆಗುತ್ತದೆ. ನನ್ನ ಬಿಡುಗಡೆಯ ಮನವಿ ಈ ಸಲವೂ ತಿರಸ್ಕೃತವಾಯಿತು, ಅದು ಹೇಗೂ ಗೊತ್ತಿದ್ದದ್ದೇ. ಟೈಲರ್‌ಗೆ ಇನ್ನೂ ಒಂಬತ್ತು ವರ್ಷ ಇದೆ. ಅವನ ಮಗಳಿಗೆ ಈಗ ಆರು.

ನಮ್ಮದು ಹೇಗೋ ಆಯಿತು. ಅಮ್ಮನ ಮೊಣಕಾಲು ಹೇಗಿದೆ?

ಅಪ್ಪ

ಮನೆಯಿಂದ
ಜುಲೈ 30

ಅಪ್ಪಾ,

ಬಹಳ ದಿನ ಬರೆಯಲಿಲ್ಲ. ಬರೆಯಲು ಕೈ ಬರಲಿಲ್ಲ.

ಅರ್ಜಿ ಕೊಡಲಿಲ್ಲ. ಆದರೆ ಮೇಡಂ ಹತ್ತಿರ ಹೋಗಿ ಬಾಯಿಮಾತಿನಲ್ಲಿ ಕೇಳಿದೆ. ಅಪ್ಪನಿಗೆ ಕಿವಿ ಕೇಳಿಸುತ್ತಿಲ್ಲ, ಜಾಲರಿಯಿಂದ ಇನ್ನು ಏನೂ ಆಗುವುದಿಲ್ಲ, ಒಂದೇ ಒಂದು ಸಲ ಬಿಡಿ ಎಂದೆ. ಅವರು ಕೆಟ್ಟವರಲ್ಲ ಅಪ್ಪಾ. ಕೆಟ್ಟವರಾಗಿದ್ದರೆ ಜಗಳವಾಡಿ ಬರಬಹುದಿತ್ತು. ನನಗೆ ನೀರು ತರಿಸಿಕೊಟ್ಟರು. ಮೇಲಿನವರು ಒಪ್ಪಿದ್ದೇ ಆ ಒಂದು ಸಾಲು ನೋಡಿ, ನಿಮಗಾಗಿ ಅದನ್ನು ಮುರಿದರೆ ನಾಳೆ ನಾನು ಯಾರಿಗೂ ಉತ್ತರ ಕೊಡಲಾರೆ ಎಂದರು. "ಆ ಸಾಲು ಬರೆಯುವಾಗ ನಿಮಗೆ ಗೊತ್ತಿರ್ಲಿಲ್ವೇನಮ್ಮಾ?" ಎಂದು ಕೇಳಿದರು. ಆರು ವರ್ಷದ ನನ್ನನ್ನು ನಂಬಿ ಬರೆದೆ ಎನ್ನಲೇ?

ನಿನ್ನ ಕಿವಿಯ ವಿಷಯ ಅಮ್ಮನಿಗೆ ಹೇಳಿಬಿಟ್ಟೆ. ಹೇಳದೆ ಇರಲಾಗಲಿಲ್ಲ. ಅವಳು ನಿನ್ನನ್ನು ನೋಡಲು ಬರುವುದನ್ನು ಬಿಟ್ಟು ಎಷ್ಟು ಕಾಲವಾಯಿತು, ನಿನ್ನ ಹೆಸರೆತ್ತಿದರೆ ಎದ್ದು ಹೋಗುವವಳು. ಅವತ್ತು ಏಳಲಿಲ್ಲ. "ಊರ ಮಕ್ಕಳಿಗೆಲ್ಲ ಬಾಗಿಲು ಮಾಡಿಕೊಟ್ಟೆ, ನೀನು ಹೊರಗೇ ಉಳ್ಕೊಂಡ್ಯಲ್ಲೇ" ಎಂದಳು. ಆಮೇಲೆ ನನ್ನ ತಲೆ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು.

ಬೇರೆ ಜೈಲುಗಳಿಂದಲೂ ನಕ್ಷೆ ಕೇಳಿ ಪತ್ರ ಬರುತ್ತಿವೆ. ಮೂರು ಕಡೆ ಕೋಣೆ ಶುರುವಾಗಲಿದೆ. ನಿಯಮಗಳನ್ನೂ ಜೊತೆಗೇ ಕಳಿಸಿ ಎನ್ನುತ್ತಾರೆ. ಮೂರನೆಯದನ್ನು ಬಿಟ್ಟು ಕಳಿಸಿದೆ. ಅವರೇ ಸೇರಿಸಿಕೊಂಡರು. ಎಲ್ಲರೂ ನನ್ನನ್ನು ಹೊಗಳುತ್ತಾರೆ, ನಾನು ಗಟ್ಟಿಯಾಗಿ ಥ್ಯಾಂಕ್ಸ್ ಹೇಳುತ್ತೇನೆ.

ಟೈಲರ್‌ನ ಹೆಂಡತಿಗೆ ಕೆಲಸದ ಪಾಳಿ ಬದಲಾಗಿದೆ, ಭೇಟಿಯ ದಿನ ರಜೆ ಸಿಗುವುದಿಲ್ಲ. ಇನ್ನು ಮೇಲೆ ಮಗುವನ್ನು ನೀವು ಕರೆದುಕೊಂಡು ಹೋಗುತ್ತೀರಾ ಎಂದು ಕೇಳಿದಳು. ಒಪ್ಪಿಕೊಂಡೆ. ಬಾಗಿಲ ಬಳಿ ಬೆಂಚಿನಲ್ಲಿ ಕೂರುತ್ತೇನೆ. ಯಾವ ಕೈದಿಯ ಜೊತೆಗೂ ಮಾತಾಡಕೂಡದು. ಅದನ್ನೂ ಬರೆದವಳು ನಾನೇ.

ಗಡಿಬಿಡಿ

ಒಳಗಿನಿಂದ
ಸೆಪ್ಟೆಂಬರ್ 8

ಗಡಿಬಿಡಿ,

ಮೇಜಿನ ಒಂದು ಕಾಲು ಅಲುಗುತ್ತಿದೆ ಎಂದು ಕೋಣೆಯಿಂದ ದೂರು ಬಂದಿತ್ತು. ನಾನು ಕೂಡಿಸಿದ ಕಾಲು ಅಷ್ಟು ಬೇಗ ಹೇಗೆ ಸಡಿಲವಾಯಿತೋ, ಮರ ಒಣಗಿದ್ದು ಸಾಲದೇನೋ. ಪತ್ರ ಓದುವ ಸಾಹೇಬರು ಈ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ. ಈಗ ಗಟ್ಟಿಯಾಗಿದೆ.

ಭೇಟಿಯ ಹೊತ್ತಿನಲ್ಲೇ ಸರಿ ಮಾಡು ಎಂದು ಕಳಿಸಿದರು. ನಾನು ಮೇಜಿನ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದಾಗ ನೀವು ಬಂದಿರಿ. ಮೊದಲು ಮಗುವಿನ ಕಾಲು ಕಂಡಿತು, ಆಮೇಲೆ ನಿನ್ನ ಕಾಲು. ನಿನ್ನ ಎಡಗಾಲಿನ ಹೆಬ್ಬೆರಳು ನಿಮ್ಮಜ್ಜಿಯದರ ಹಾಗಿದೆ. ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ, ಜಾಲರಿಯ ಕೆಳಗಡೆ ಗೋಡೆಯಲ್ಲವಾ.

ನೀನು ಬೆಂಚಿನ ಮೇಲೆ ಕೂತೆ. ನಮ್ಮ ನಡುವೆ ಒಂದು ಕುರ್ಚಿಯಷ್ಟು ಜಾಗ. ಕಾವಲಿನವರು ಬಾಗಿಲಲ್ಲೇ ಇದ್ದರು. ನೀನು ನನ್ನ ಕಡೆ ನೋಡಲಿಲ್ಲ, ಅದು ಸರಿ. ನಾನೂ ನೋಡಲಿಲ್ಲ. ನೋಡಿದ್ದರೆ ಯಾರಾದರೂ ಬರೆದುಕೊಳ್ಳುತ್ತಿದ್ದರು, ಮುಂದಿನ ಸಲ ಮಗುವಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಕಾಲು ಗಟ್ಟಿಯಾದ ಮೇಲೂ ನಾನು ಏಳಲಿಲ್ಲ. ಗಟ್ಟಿಯಾಗಿ ಕೂತಿದ್ದ ಬೆಣೆಯ ಮೇಲೇ ಸುತ್ತಿಗೆ ಬಡಿಯುತ್ತಾ ಇದ್ದೆ. ಆಮೇಲೆ ಟೈಲರ್‌ಗೆ ತೊಂದರೆಯಾದೀತು ಎಂದು ಅದನ್ನೂ ನಿಲ್ಲಿಸಿದೆ.

ಆಗ ಆ ಹುಡುಗಿ ಅಪ್ಪನ ಮಡಿಲಿನಿಂದ ಇಳಿದು ನಿನ್ನ ಹತ್ತಿರ ಓಡಿ ಬಂತು. ನೀನು ಬಗ್ಗಿ ಅದರ ಕಿವಿಯಲ್ಲಿ ಏನೋ ಹೇಳಿದೆ. ಆಗ ಮಾತ್ರ ನನ್ನ ಕಣ್ಣು ಅತ್ತ ಹೋಯಿತು. ನಿನ್ನ ಕುತ್ತಿಗೆಯ ನರ ಉಬ್ಬಲಿಲ್ಲ, ಬಾಯಿ ಅಗಲವಾಗಲಿಲ್ಲ. ತುಟಿ ಸ್ವಲ್ಪವೇ ಆಡಿತು. ಮೆಲ್ಲಗೆ ಹೇಳಿದೆ ಅನಿಸುತ್ತದೆ. ನೀನು ದೊಡ್ಡವಳಾದ ಮೇಲೆ ಮೆಲ್ಲಗೆ ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಗುವೂ ಕಿರುಚಲಿಲ್ಲ, ನಿನ್ನ ಹಾಗೇ ತುಟಿಯಲ್ಲೇ ಏನೋ ಹೇಳಿ ನಕ್ಕಿತು.

ಕೋಣೆ ನಿಶ್ಶಬ್ದವಾಗಿತ್ತು. ಜಾಲರಿ ಇರಲಿಲ್ಲ. ನಾನು ಎಡಗಿವಿಯನ್ನು ನಿನ್ನ ಕಡೆಗೇ ತಿರುಗಿಸಿ, ಉಸಿರು ಹಿಡಿದುಕೊಂಡು ಮಲಗಿದ್ದೆ. ಆದರೂ ಒಂದಕ್ಷರ ಕೇಳಿಸಲಿಲ್ಲ.

ಏನು ಹೇಳಿದೆ ಅಂತ ಬರಿ.

ಅಪ್ಪ